ಗಾಲಿಮನೆಯ ಸಂಡಾಸದ ಟಾಕಿ

ಆ ಸಾಹೇಬರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆ. ನರೋಣಾದ ಹತ್ತಿರ ರಸ್ತೆ ಕೆಲಸ ನಡೆದಿತ್ತು. ನಾನು ಅಲ್ಲಿ ವೆಲ್ಡರ್. ಇಂಜಿನಿಯರ್ ಸಾಹೇಬರು ಇರಲೆಂದು ಗುತ್ತೇದಾರರು ಒಂದು ಗಾಲಿಮನೆ ಕೊಟ್ಟಿದ್ದರು. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದು. ಒಳಗೆ ಮಂಚ, ಸ್ಟೌ, ಮೂಲೆಯಲ್ಲಿ ಸಂಡಾಸ. ಸಂಡಾಸದ ಹೊಲಸೆಲ್ಲ ಕೆಳಗೆ ಬಿಗಿದ ತಗಡಿನ ಟಾಕಿಗೆ ಬೀಳುತ್ತಿತ್ತು. ಒಂದು ದಿನ ಆ ಟಾಕಿಯ ತಳವೇ ತುಕ್ಕು ತಿಂದು ಉದುರಿತು.

"ಹೊಸಾದು ಗುಲ್ಬರ್ಗಾದಿಂದ ತರಿಸ್ಬೇಕ್ರಿ. ಎಂಟು ದಿನ ಹಿಡೀತದ," ಅಂದೆ.

ಸಾಹೇಬರು ಸುತ್ತ ನೋಡಿದರು. ಬೇವಿನ ನೆರಳಲ್ಲಿ ಕೂಲಿಯವರು ಕುಡಿಯುವ ನೀರಿನ ಟಾಕಿ ಇತ್ತು.

"ಅದೇ ಅಳತಿ ಅದಲ್ಲ. ನಾಳಿ ಮುಂಜಾನಿ ಅದನ್ನೇ ಕೂಡಿಸು."

"ಮತ್ತ ಅವರು ನೀರು ಎಲ್ಲಿ ಕುಡೀಬೇಕ್ರಿ?"

"ಊರಾಗ ಬಾವಿ ಇಲ್ಲೇನು?"

ಬಾವಿ ಎರಡು ಮೈಲಿ ದೂರ. ಮೇಲೆ ಬಿಸಿಲು, ಕೆಳಗೆ ಕುದಿಯುವ ಡಾಂಬರು. ಒಮ್ಮೆ ಹೊಲಸು ಬಿದ್ದ ಟಾಕಿಯ ನೀರನ್ನು ಮುಂದೆ ಯಾರು ಬಾಯಿಗೆ ಇಟ್ಟಾರು? ಇಷ್ಟೆಲ್ಲ ಗೊತ್ತಿದ್ದೂ "ಹೂನ್ರಿ" ಅಂದವನು ನಾನೇ. ಆ ಸಿಟ್ಟು ಬೇರೆ.

ಟಾಕಿಗೆ ಟೇಪು ಹಿಡಿದು ನಿಂತಾಗ ಖಡಿಕಲ್ಲು ಹೊರುವ ಒಬ್ಬ ಮುದುಕಿ ಬಂದಳು.

"ಏನ್ ಅಳತಿ ಮಾಡಾಕತ್ತೀಯೋ ತಮ್ಮಾ?"

ಹೇಳಿದೆ.

"ಸಾಹೇಬನ ಹೇಲು ನಮ್ಮ ನೀರಿನ ಟಾಕ್ಯಾಗ?" ಅಂದಳು, ಅಷ್ಟೇ. ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಬೋಲ್ಟು ಬಿಚ್ಚುವ ಪಾನಾ ಹಿಡಿದು ಹೋಗಿ ನೋಡಿದರೆ ಟಾಕಿಯ ಮೈಮೇಲೆ ಮೂರು ಬೆರಳಿನ ವಿಭೂತಿ, ಅರಿಶಿಣ, ಕುಂಕುಮ. ನಳಕ್ಕೆ ಕಣಗಿಲ ಹೂವು, ಮುಂದೆ ಒಡೆದ ತೆಂಗಿನಕಾಯಿ. ಹೆಣ್ಣುಮಕ್ಕಳೆಲ್ಲ ಸುತ್ತ ಕೂತಿದ್ದರು.

"ಏನಿದು?" ಎಂದರು ಸಾಹೇಬರು.

"ಗಂಗವ್ವನ್ನ ಕೂಡಿಸೀವ್ರಿ," ಅಂದಳು ಮುದುಕಿ. "ಬಿಚ್ಚೂದಿದ್ರ ನೀವೇ ಬಂದು ಬಿಚ್ಚರಿ."

ಸಾಹೇಬರು ಗಕ್ಕನೆ ನಿಂತರು. ಚಪ್ಪಲಿ ಬಿಟ್ಟರು, ಕೈ ಮುಗಿದರು. "ಇರಲಿ ಬಿಡು. ಗುಲ್ಬರ್ಗಾಕ್ಕ ಹೇಳಿ ಕಳ್ಸು," ಎಂದು ತಿರುಗಿದರು. ಎಂಟು ದಿನ ಅವರೂ ನಮ್ಮ ಹಾಗೆ ತಂಬಿಗೆ ಹಿಡಿದು ಜಾಲಿಗಿಡದ ಮರೆಗೆ ಹೋದರು. ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಮುದುಕಿ ಮಾತ್ರ ನಗಲಿಲ್ಲ.

"ಯಾಕಬೇ ಯವ್ವಾ, ಗೆದ್ದೀಯಲ್ಲ? ಅಂವ ದೇವರಿಗಾದ್ರೂ ಅಂಜಿದ," ಅಂದೆ.

ತಂಬಿಗೆ ನೀರು ಗಟಗಟ ಕುಡಿದು ಬಾಯಿ ಒರೆಸಿಕೊಂಡಳು.

"ತಗಡಿನ ಮ್ಯಾಲಿನ ಕುಂಕುಮಕ್ಕ ಅಂಜಿದ. ನನ್ನ ಹಣಿ ಮ್ಯಾಲೂ ನಲವತ್ತು ವರ್ಷದಿಂದ ಅದ. ಅದು ಕಾಣಲಿಲ್ಲೇನೋ ಅವನಿಗಿ?"