ಕಾಲೂರದೆ ನಿಲ್ಲುವ ಗಾಡಿ

೧೯೨೮ರಲ್ಲಿ, ನಾಲ್ಕನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ದುಡಿದು ಮೋಟಾರ್‌ಸೈಕಲ್ಲು ಕೊಂಡೆ. ರಾಮದುರ್ಗದವರೆಗೂ ಹೋಗಿ ನೀರೆತ್ತುವ ಎಂಜಿನ್‌ಗಳ ರಿಪೇರಿ ಮಾಡಿ ಬರುತ್ತಿದ್ದೆ. ೧೯೭೫ರ ಸುಮಾರಿಗೆ ಎಡ ಮೊಣಕಾಲು ಸೋತಿತು. ಓಡಿಸುವಾಗ ತೊಂದರೆಯಿರಲಿಲ್ಲ, ನಿಲ್ಲಿಸಿ ಕಾಲೂರಿದರೆ ಗಾಡಿ ಮೈಮೇಲೆ ಬರುತ್ತಿತ್ತು.

ಸವದತ್ತಿಯ ಸಂತೆಯಲ್ಲಿ ಬಿದ್ದಾಗ ಎತ್ತಿದವರೊಬ್ಬರು, “ಇನ್ನ ಬಸ್ಸಿಗೇ ಬರ್ರಿ ಯಜಮಾನ್ರ, ಗಾಡಿಗೂ ನಿಮಗೂ ಜಗಳ ಆಗೇತಿ,” ಎಂದರು.

ಬಸ್ಸಿಗೆ ಕಾಯುವ ಜೀವ ನನ್ನದಲ್ಲ. ಬೈಲಹೊಂಗಲದ ಮಿಸ್ತ್ರಿಗೆ ಹೇಳಿ ಎಡಕ್ಕೊಂದು ಗಾಲಿ, ಅದರ ಮೇಲೊಬ್ಬರು ಕೂರುವ ತೊಟ್ಟಿ ಜೋಡಿಸಿಕೊಂಡೆ.

“ಅಣ್ಣಾರ, ಇದರಾಗ ಕುಂದರಾವರು ಯಾರ್ರಿ? ವೈನಿ ತೀರಿಕೊಂಡು ವರ್ಷಾತು,” ಎಂದ ಮಿಸ್ತ್ರಿ, ನನ್ನ ಹೆಂಡತಿಯನ್ನು ನೆನೆದು.

“ಪಾನಾ, ಸುತ್ತಿಗಿ ಕುಂದರತಾವ. ನೀ ಬೋಲ್ಟ್ ಬಿಗಿ ಮಾಡು.”

ಈಗ ನನ್ನ ಗಾಡಿಗೆ ಮೂರು ಗಾಲಿಗಳಿವೆ, ಮೂರು ಸೀಟುಗಳಿವೆ, ಕೂರುವವನು ನಾನೊಬ್ಬನೇ.