ಗಾಳಿ ಇಳಿಯುವ ಜಾಗ

ಜೋಗೇಶ್ವರಿ ಸ್ಟೇಷನ್ ಹತ್ತಿರ ಕಲಬುರಗಿ ಕಡೆಯ ಹೆಂಗಸೊಬ್ಬರು ಪಂಕ್ಚರ್ ಅಂಗಡಿ ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಟ್ಯೂಬ್‌ಲೆಸ್ ಟೈರಿನ ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಎಲ್ಲರೂ ಅವರಲ್ಲಿಗೇ ಬರುತ್ತಿದ್ದರು. ದುಪಟ್ಟಾ ಸೊಂಟಕ್ಕೆ ಬಿಗಿದು, ಸೋಪಿನ ನೀರು ಸವರಿ, ಚಕ್ರಕ್ಕೆ ಕಿವಿಗೊಟ್ಟು ಕೂರುತ್ತಿದ್ದರು. ಗಿರಾಕಿ ಚಡಪಡಿಸಿದರೆ, "ತಡೀರಿ, ಗಾಳಿ ತಾನೇ ಬಾಯಿ ಬಿಡ್ತದ," ಎನ್ನುತ್ತಿದ್ದರು.

ನನ್ನ ಬೈಕಿನ ಮುಂದಿನ ಚಕ್ರ ದಿನಾ ಬೆಳಿಗ್ಗೆ ಮೆತ್ತಗಾಗಿರುತ್ತಿತ್ತು. ಬಸುರಿ ಹೆಂಡತಿಯನ್ನು ಬೊರಿವಲಿಯ ಆಸ್ಪತ್ರೆಗೆ ಕರೆದುಕೊಂಡು ಹೊರಟ ದಿನ ಆಪಾರ ಅಂಗಡಿ ಮುಂದೆ ನಿಲ್ಲಿಸಿದೆ. ಟೈರಿನಲ್ಲಿ ಮೊಳೆ ಇರಲಿಲ್ಲ, ವಾಲ್ವ್ ಸರಿಯಿತ್ತು. ಆಪಾ ಚಕ್ರ ಬಿಚ್ಚಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಕಾದರು. ಬಹಳ ಹೊತ್ತಿನ ಮೇಲೆ ರಿಮ್ಮಿನಿಂದ ಸಾಸಿವೆಯಂಥ ಗುಳ್ಳೆಗಳು ಎದ್ದವು. ಒರೆಸಿ ನೋಡಿದರೆ ಕೂದಲೆಳೆಯಂಥ ಬಿರುಕು.

"ಗಾಳಿ ತುಂಬಿ ಕೊಡ್ರಿ ಆಪಾ, ನಿಧಾನಕ್ಕ ಹೋಗ್ತೀನಿ," ಎಂದೆ.

"ಹೈವೇದಾಗ ರಿಮ್ ಮುರದ್ರ? ಈ ಗಾಲಿಗಿ ನಾ ಗಾಳಿ ತುಂಬಂಗಿಲ್ಲ ತಮ್ಮಾ. ಲೋಕಲ್‌ದಾಗ ಹೋಗ್ರಿ."

ನನಗೆ ಸಿಟ್ಟು ಬಂತು. ಆದರೂ ಲೋಕಲ್ ರೈಲು ಹಿಡಿದೆವು. ಸಂಜೆ ಮರಳಿದಾಗ ಆಪಾ ನಮ್ಮೆದುರೇ ಆ ರಿಮ್ಮನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಅಂಚು ಕಿತ್ತು ಬಂತು. ಆ ತುಂಡನ್ನು ನನ್ನ ಹೆಂಡತಿಯ ಅಂಗೈಯಲ್ಲಿಟ್ಟು, ತಲೆ ಎತ್ತಿ ಹೇಳಿದರು: "ಈ ಬಿರುಕು ನಾ ಹಿಡದಿದ್ದು."