ದೊಡ್ಡಪ್ಪನ ಕರಕರ ರೇಡಿಯೋ

ಮಳೆ ಯಾವಾಗ ಬರುತ್ತದೆಂದು ಒಂದು ಕಾಲದಲ್ಲಿ ದಿಲ್ಲಿಯ ವಿಜ್ಞಾನಿಗಳೂ ನನ್ನನ್ನೇ ಕೇಳುತ್ತಿದ್ದರು.

ಇವತ್ತು ಕಳಸದ ರಿಪೇರಿ ಅಂಗಡಿಯಲ್ಲಿ ಹಳೇ ರೇಡಿಯೋ ಒಂದು ಕರಕರ ಅಂದಾಗ ಬಾಳೂರಿನ ನಮ್ಮ ಕಾಫಿ ಕಣ ನೆನಪಾಯಿತು. ಕಾಫಿ ಒಣಹಾಕಿದ ದಿನ ದೊಡ್ಡಪ್ಪ ರೇಡಿಯೋದ ಮುಳ್ಳನ್ನು ಯಾವ ಸ್ಟೇಷನ್ನೂ ಸಿಗದ ಕಡೆ ತಿರುಗಿಸಿ, ಕಿವಿಗೊಟ್ಟು ಕೂರುತ್ತಿದ್ದರು. ಹಾಡಿಲ್ಲ, ವಾರ್ತೆಯಿಲ್ಲ. ನನಗೆ ಆಗಲೇ ಅನುಮಾನ.

ಒಂದು ಮಧ್ಯಾಹ್ನ ಸುಡುಬಿಸಿಲಲ್ಲಿ ನಾವು ಹುಡುಗರು ಕ್ರಿಕೆಟ್ ಆಡುತ್ತಿದ್ದಾಗ ಕೂಗಿದರು.

"ಬ್ಯಾಟ್ ಬಿಸಾಕಿ ಬನ್ರೋ, ಕಾಫಿಗೆ ಟಾರ್ಪಾಲು ಹೊದಿಸ್ಬೇಕು. ಎಲ್ಲೋ ದೂರದಲ್ಲಿ ಮಿಂಚ್ತಿದೆ, ರೇಡಿಯೋ ಕರಕರ ಅಂತಿದೆ. ನೆನೆದ್ರೆ ಎಲ್ಲಾ ಬೂಷ್ಟು ಹಿಡಿಯುತ್ತೆ."

"ಮೋಡಾನೇ ಇಲ್ಲ ದೊಡ್ಡಪ್ಪ. ನಮ್ಮ ಆಟ ನಿಲ್ಸೋಕೆ ಏನೋ ಒಂದು ಹೇಳ್ತೀರಿ."

"ಬೆಟ್ ಕಟ್ತೀಯೇನೋ ಮಾರಾಯ?"

ಕಟ್ಟಿದೆ. ಕೊನೆಯ ಟಾರ್ಪಾಲಿನ ಮೇಲೆ ಕಲ್ಲಿಡುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಕಾಫಿ ಉಳಿಯಿತು, ನನ್ನ ದುಡ್ಡು ಹೋಯಿತು.

ಮಂಡಿನೋವಿನಿಂದ ಮಳೆಯನ್ನು ತಿಳಿದುಕೊಂಡು, ದೊಡ್ಡಪ್ಪ ರೇಡಿಯೋದ ಹೆಸರು ಹೇಳುತ್ತಿದ್ದರೆಂಬ ಗುಮಾನಿ ನನಗೆ ಈಗಲೂ ಇದೆ. ಅಂಗಡಿಯಿಂದ ಹೊರಬಂದು ನೋಡಿದರೆ ಮೋಡವಿರಲಿಲ್ಲ. ಆದರೂ ಮನೆಗೆ ಫೋನು ಮಾಡಿ ಕಣದ ಕಾಫಿ ಮುಚ್ಚಲು ಹೇಳಿದೆ.

ದಿಲ್ಲಿಯ ವಿಜ್ಞಾನಿಗಳ ಕಥೆಯ ಜೊತೆಗೆ, ಅವತ್ತು ನೂರು ರೂಪಾಯಿ ಸೋತೆನೆಂದೂ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಸೋತದ್ದು ಎಂಟಾಣೆ, ಅದನ್ನೂ ಬೆಳಿಗ್ಗೆ ದೊಡ್ಡಪ್ಪನೇ ಕೊಟ್ಟಿದ್ದರು.